ಕಿಶ್‌ಹಾರ್ಶ್‌ನ ದೋಣಿ ದರಪಟ್ಟಿ

ತೀಸಾ ನದಿ ಮೊದಲು ನೆಟ್ಟಗೆ ಹರಿಯುತ್ತಿರಲಿಲ್ಲ.
ಹಂಗೇರಿಯ ಬಯಲಿಗೆ ಇಳಿಜಾರಿನ ಗೊಡವೆಯೇ ಇಲ್ಲ;
ಎತ್ತ ಹೋಗಲೆಂದು ವಿಚಾರಿಸಿಕೊಳ್ಳುತ್ತ
ಕಂಡ ಕಂಡ ಊರಿನ ಹಿತ್ತಿಲು ಹೊಕ್ಕು ಬರುತ್ತಿತ್ತು.
ಕಿಶ್‌ಹಾರ್ಶ್ ಅಂಥದೊಂದು ಬಳಸಿನ ಒಳಗೆ:
ನಲವತ್ತು ಮನೆ, ಗೋಪುರದ ತುದಿಗೆ ತಗಡಿನ ಹುಂಜವಿದ್ದ ಇಗರ್ಜಿ,
ಊರ ಬೆನ್ನಿಗೆ, ಬಳಸಿನ ಕತ್ತು ಕಿರಿದಾಗುವಲ್ಲಿ,
ದಿಬ್ಬದ ಮೇಲೆ ಮಸಣ.
ಅಲ್ಲಿ ಗೋರಿಗೆ ಕಲ್ಲಿಲ್ಲ. ಓಕ್ ಮರದ ದಿಮ್ಮಿಯನ್ನು
ದೋಣಿಯ ಮೂತಿಯಂತೆ ಕೆತ್ತಿ ನಿಲ್ಲಿಸುತ್ತಾರೆ.
ಯಾಕೆಂದು ಕೇಳಿದರೆ, ಹಿಂದಿನಿಂದ ಹಾಗೇ ಎನ್ನುತ್ತಾರೆ.

ಎಂಜಿನಿಯರು ಬಂದ, ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟ.
ಪ್ರವಾಹ ತಗ್ಗಬೇಕು, ಗೋಧಿ ಬೆಳೆಯಬೇಕು.
ಗೆರೆ ಎಳೆದ: ಊರಿಗೂ ಮಸಣಕ್ಕೂ ನಡುವೆ.
ಮೂರು ವರ್ಷ ತಳ್ಳುಗಾಡಿಯವರು ಮಣ್ಣು ಸಾಗಿಸಿದರು,
ರಾತ್ರಿ ಗಾಡಿ ಮಗುಚಿ ಅದರಡಿ ಮಲಗಿದರು.
ನಾಲ್ಕನೆಯ ವಸಂತದಲ್ಲಿ ಹಿಮ ಕರಗಿದ ನೀರು
ಹೊಸ ದಾರಿಯ ರುಚಿ ನೋಡಿತು,
ಮತ್ತೆ ಹಿಂದಿರುಗಿ ನೋಡಲಿಲ್ಲ.
ಹಳೆಯ ಬಳಸಿನಲ್ಲಿ ನಿಂತ ನೀರಿಗೆ ಜನ
ಸತ್ತ ತೀಸಾ ಎಂದರು. ಈಗಲೂ ಅದೇ ಹೆಸರು;
ಜೊಂಡು, ಕಪ್ಪೆ, ಬಾತುಗಳ ಬಾಣಂತನ.
ಊರಿಗೆ ಹೊಳೆ ಸತ್ತಿತು,
ಸತ್ತವರೋ ಹೊಳೆಯಾಚೆ.

ಹಾಗಾಗಿ ದೋಣಿ. ಹಾಗಾಗಿ ಚೋರ್ಬಾ ಮನೆತನ.
ದಡದ ಪಾಪ್ಲರ್ ಮರಕ್ಕೆ ಹೊಡೆದ ತಗಡಿನ ಹಲಗೆ:
ಜೋಡಿ ಕುದುರೆಯ ಬಂಡಿಗೆ ಇಷ್ಟು, ಹಂದಿಗೆ ಇಷ್ಟು,
ಆರು ಹೆಬ್ಬಾತಿಗೆ ಒಬ್ಬ ಮನುಷ್ಯನ ದರ,
ಹೆಣಕ್ಕೆ ಬಿಟ್ಟಿ.
ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು
ಎನ್ನುವ ಮಾತು ಇಲ್ಲಿ ನಡೆಯದು.
ಹೂತವರು, ಕಣ್ಣು ಕೆಂಪಗಿದ್ದವರು, ಹಸಿದವರು
ಇದೇ ಹಗ್ಗದ ಗುಂಟ ವಾಪಸು ಬರಬೇಕು.
ಅದಕ್ಕೇ ಹೋಗಿ ಬರುವ ದುಡ್ಡು
ಹೋಗುವಾಗಲೇ ಎಣಿಸಿಕೊಳ್ಳುವುದು.

ಹಲಗೆಯಲ್ಲಿ ಬಣ್ಣದ ಮೇಲೆ ಬಣ್ಣ.
ಕ್ರೈಟ್ಸರ್ ಅಳಿಸಿ ಫಿಲ್ಲೇರ್, ಅದರ ಮೇಲೆ ಪೆಂಗ್ಯೋ;
ಯುದ್ಧ ಮುಗಿದ ಮರುವರ್ಷ ಸೊನ್ನೆಗಳು
ಹಲಗೆ ದಾಟಿ ತೊಗಟೆಗೆ ಹೋದವು,
ಅಂಬ್ರೂಶ್ ಚೋರ್ಬಾ ಎಲ್ಲ ಒರೆಸಿ ಬರೆದ:
ಒಂದು ಮೊಟ್ಟೆ.
ಶಾಲೆಯ ಮೇಷ್ಟ್ರು ಮಕ್ಕಳನ್ನು ಕರೆತಂದು
ಚಾಕುವಿನ ತುದಿಯಿಂದ ಒಂದೊಂದು ಪದರ ಕೆರೆದು ತೋರಿಸುತ್ತಾರೆ.
ಒಂದು ಪದರದ ಬಳಿ ಮಾತ್ರ ಚಾಕು ಮಡಚುತ್ತಾರೆ.

ಮೊಟ್ಟೆಯ ವರ್ಷಕ್ಕೂ ಎರಡು ವರ್ಷ ಹಿಂದೆ, ಏಪ್ರಿಲ್.
ಟೊಪ್ಪಿಗೆಗೆ ಹುಂಜದ ಗರಿ ಸಿಕ್ಕಿಸಿಕೊಂಡ ಪೊಲೀಸರು
ಉಪ್ಪು, ದಾರ, ಸೀಮೆಎಣ್ಣೆ ಮಾರುತ್ತಿದ್ದ ಲಿಪೋತ್ ರೂಬಿನ್‌ನನ್ನು,
ಹೆಂಡತಿಯನ್ನು, ಅತ್ತೆಯನ್ನು, ಮೂರು ಮಕ್ಕಳನ್ನು ದಡಕ್ಕೆ ತಂದರು.
ಅಂಬ್ರೂಶ್ ರೂಢಿಯಂತೆ ಕೈ ಚಾಚಿದ.
ರೂಬಿನ್ ರೂಢಿಯಂತೆ
ಆರು ಜನ ಹೋಗಿ ಬರುವ ದುಡ್ಡು ಎಣಿಸಿ ಕೊಟ್ಟ.
ಪೊಲೀಸರು ಕೊಡಲಿಲ್ಲ.
ವಾಪಸು ಬಂದವರು ಅವರೇ,
ಅಂಗಡಿಯ ಬೀಗದಕೈ ಹಿಡಿದು.

ಆರು ಜನರ ಬರುವ ದುಡ್ಡು
ಕಾಫಿ ಡಬ್ಬಿಯಲ್ಲಿ ಹಾಗೇ ಉಳಿಯಿತು,
ಮೊಟ್ಟೆಯ ವರ್ಷದಲ್ಲೂ,
ಅದಕ್ಕೆ ಬೆಲೆಯೇ ಇಲ್ಲದಾದ ಮೇಲೂ.

ಈಗ ಹನ್ನೊಂದು ಕಿಲೋಮೀಟರ್ ಕೆಳಗೆ ಸೇತುವೆ ಇದೆ.
ದೋಣಿ ಭಾನುವಾರ, ಮತ್ತೆ ಯಾರಾದರೂ ಸತ್ತರೆ.
ಮೊಮ್ಮಗಳು ಎಟೆಲ್ಕಾ ಹಗ್ಗ ಎಳೆಯುತ್ತಾಳೆ,
ಅಂಗೈ ಓಕ್‌ನಷ್ಟೇ ಗಡಸು.
ಜೂನ್‌ನ ಒಂದು ಸಂಜೆ ದಡದ ಜೇಡಿಯೊಳಗಿಂದ
ಲಕ್ಷಗಟ್ಟಲೆ ಹುಳು ರೆಕ್ಕೆ ಒಣಗಿಸಿಕೊಂಡು ಏಳುತ್ತವೆ,
ಕತ್ತಲಾಗುವುದರೊಳಗೆ ಕೂಡಿ, ಮೊಟ್ಟೆಯಿಟ್ಟು, ತೇಲಿಹೋಗುತ್ತವೆ.
ತೀಸಾ ಹೂ ಬಿಟ್ಟಿತು ಎನ್ನುತ್ತಾರೆ ಊರವರು.
ಪೇಟೆಯವರು ಕ್ಯಾಮೆರಾ ತರುತ್ತಾರೆ.

ಅಂಥವನೊಬ್ಬ ಮೊನ್ನೆ ಪರ್ಸು ತೆಗೆದ:
ಎರಡೂ ಕಡೆಗೆ ಸೇರಿ ಎಷ್ಟು?
ಎಟೆಲ್ಕಾ ಹಲಗೆ ತೋರಿಸಿದಳು. ಹೆಣದ ಸಾಲಿನ ಕೆಳಗೆ
ಅಜ್ಜನ ಓರೆ ಅಕ್ಷರ, ಬಣ್ಣ ಬಳಿದಾಗಲೆಲ್ಲ
ಅದರ ಮೇಲೇ ತಿದ್ದಿದ್ದು:
ಬರುವ ದರ ಮುಂಗಡ ಪಡೆಯುವುದಿಲ್ಲ.
ಅವನಿಗೆ ಓದಲು ಬಾರದು ಎಂದುಕೊಂಡಳೋ ಏನೋ,
ಹಗ್ಗಕ್ಕೆ ಕೈ ಹಾಕುತ್ತ ಹೇಳಿದಳು:
ಬಂದ ಮೇಲೆ ಕೊಡುವಿರಂತೆ, ಹತ್ತಿ.